ಎಣ್ಣೆ ಕುಡಿಯದ ಲಾರಿ

ಮಾವನ ಅಂಗಿಯ ತೋಳಿನಲ್ಲಿ ಮೂರನೆಯ ವಾರವೂ ಅದೇ ಕಲೆ ಕಂಡಾಗ ಸೊಸೆ ಉಜ್ಜುವುದನ್ನು ನಿಲ್ಲಿಸಿ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದಳು. ಅಡುಗೆ ಎಣ್ಣೆಯಲ್ಲ. ಹದಿನೆಂಟು ವರ್ಷ ಲಾರಿಯವನ ಬಟ್ಟೆ ಒಗೆದವಳಿಗೆ ಇಂಜಿನ್ ಆಯಿಲಿನ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡನ ಬಟ್ಟೆಯಲ್ಲಾದರೆ ಆ ಕಲೆ ಕಾಡಿಗೆಯ ಹಾಗೆ ಕಪ್ಪಗಿರುತ್ತದೆ, ಇಂಜಿನ್ನಿನೊಳಗೆ ಸುತ್ತಿ ಸುತ್ತಿ ಬಂದ ಆಯಿಲು. ಇದು ಜೇನಿನ ಬಣ್ಣದ್ದು. ಡಬ್ಬಿಯಿಂದ ಬಂದದ್ದು, ಹೊಚ್ಚ ಹೊಸದು.

ಮಾವನನ್ನು ಬೀದಿಯವರೆಲ್ಲ ಡ್ರೈವರಪ್ಪ ಎನ್ನುತ್ತಿದ್ದರು. ಅವನು ಸ್ಟೀರಿಂಗ್ ಬಿಟ್ಟು ನಾಲ್ಕು ವರ್ಷವಾಗಿತ್ತು. ಅಲ್ಲಿಯತನಕ ಅಪ್ಪ ಮಗ ಇಬ್ಬರೂ ಸರದಿಯಲ್ಲಿ ಓಡಿಸುತ್ತಿದ್ದರು. ಕಣ್ಣು ಮಂಜಾಗಿ ಲೈಸೆನ್ಸು ಹೋದ ಮೇಲೆ ಲಾರಿ ಪೂರ್ತಿ ಮಗನ ಕೈಗೆ ಬಂತು. ಮಗ ಗಿರಣಿಯಿಂದ ಹಿಟ್ಟಿನ ಮೂಟೆ ತುಂಬಿಸಿಕೊಂಡು ಸುತ್ತಲಿನ ಊರುಗಳ ಬೇಕರಿಗಳಿಗೆ ಹಾಕಿ ಸಂಜೆ ಬರುತ್ತಿದ್ದ. ಡ್ರೈವರಪ್ಪನಿಗೆ ಉಳಿದ ಕೆಲಸ ಒಂದೇ. ಬೆಳಿಗ್ಗೆ ಮಗ ಏಳುವ ಮುಂಚೆ ಲಾರಿ ಸ್ಟಾರ್ಟ್ ಮಾಡಿ ಬಿಸಿ ಮಾಡಿಡುವುದು. ಕೀ ತಿರುಗಿಸುವುದಕ್ಕೆ ತೋಳು ಎಣ್ಣೆಯಾಗಬೇಕಾಗಿಲ್ಲ.

ಮಾರನೆಯ ದಿನ ಅವಳು ಬೇಗನೆ ಎದ್ದು, ಒಲೆ ಹಚ್ಚದೆ ಅಡುಗೆಮನೆಯ ಕಿಟಕಿಯಲ್ಲಿ ನಿಂತಳು. ಆಗತಾನೇ ಬೆಳಕು ಹರಿದಿತ್ತು. ಡ್ರೈವರಪ್ಪ ಹಿತ್ತಲಿನ ಗೋಡೆಯ ಪಕ್ಕ ಪೇರಿಸಿಟ್ಟಿದ್ದ ಹಳೆಯ ಟೈರುಗಳೊಳಗೆ ಕೈ ಹಾಕಿ ಒಂದು ಡಬ್ಬಿ ತೆಗೆದ. ಬಾನೆಟ್ ಎತ್ತಿದ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ತೋಳಿಗೆ ಒರೆಸಿ, ಮತ್ತೆ ಅದ್ದಿ ತೆಗೆದು, ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ. ಬಾಟಲಿ ಕತ್ತರಿಸಿ ಮಾಡಿದ ಆಲಿಕೆ ಇಟ್ಟು ನಿಧಾನವಾಗಿ ಸುರಿದ. ಮತ್ತೆ ಅಳೆದ. ಡಬ್ಬಿ ಟೈರಿನೊಳಗೆ ಹೋಯಿತು. ಆಮೇಲೆ ಮೇಲೆ ಹತ್ತಿ ಸ್ಟಾರ್ಟ್ ಮಾಡಿದ. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಗೋಡೆಯಾಚೆ ದಾಟಿ ಹೋಯಿತು. ಗಂಡ ಹಲ್ಲುಜ್ಜುತ್ತ ಹೊರಗೆ ಬರುವ ಹೊತ್ತಿಗೆ ಹೊಗೆ ಇರಲಿಲ್ಲ. ಇಂಜಿನ್ ಒಂದೇ ಸಮನೆ ಗುಡುಗುಡು ಎನ್ನುತ್ತಿತ್ತು. ಅವನೂ ಕಡ್ಡಿ ಎಳೆದು ನೋಡಿದ. ತಲೆಯಾಡಿಸಿದ.

"ಒಂಬತ್ತು ಲಕ್ಷ ಕಿಲೋಮೀಟರ್ ಓಡಿದೆ, ಅರ್ಧ ಗೆರೆ ಇಳಿದಿಲ್ಲ ನೋಡಪ್ಪ" ಎಂದ.

"ನಮ್ಮನೇಲಿ ಯಾರಿಗೂ ಎಣ್ಣೆ ಕುಡಿಯೋ ಚಟ ಇಲ್ಲ" ಎಂದ ಡ್ರೈವರಪ್ಪ.

ಅವಳಿಗೆ ನಗು ಬರಲಿಲ್ಲ. ಎರಡು ತಿಂಗಳ ಹಿಂದೆ ಊಟಕ್ಕೆ ಕೂತಾಗ ಆದ ಜಗಳ ನೆನಪಾಯಿತು.

ಅವತ್ತು ಗಂಡ ಗಿರಣಿಯ ಸುದ್ದಿ ತಂದಿದ್ದ. ಗಿರಣಿಯವರೇ ಹೊಸ ಲಾರಿ ಕೊಳ್ಳುತ್ತಾರೆ, ಬಾಡಿಗೆ ಗಾಡಿಗಳನ್ನು ಒಂದೊಂದಾಗಿ ಕೈಬಿಡುತ್ತಾರೆ, ಬೇಕಾದವರು ಸಂಬಳದ ಡ್ರೈವರಾಗಿ ಬರಬಹುದು. ಇವನಿಗೆ ಹೋಗುವ ಮನಸ್ಸು. ಡ್ರೈವರಪ್ಪ ತಟ್ಟೆ ದೂರ ಸರಿಸಿದ್ದ.

"ಸ್ವಂತ ಗಾಡಿ ಇಟ್ಕೊಂಡು ಇನ್ನೊಬ್ಬರ ಗಾಡಿ ಓಡಿಸ್ತೀಯ?"

"ಬಾಡಿಗೆ ಗಾಡಿ ಬೇಡ ಅಂದಮೇಲೆ ಸ್ವಂತ ಗಾಡೀನ ಏನ್ ಮಾಡ್ಲಿ, ಪೂಜೆ ಮಾಡ್ಲಾ?"

"ಗಿರಣಿ ಇಲ್ದಿದ್ರೆ ಬೇರೆ ಲೋಡ್ ಸಿಗುತ್ತೆ. ಗಾಡಿ ಗಟ್ಟಿಮುಟ್ಟಾಗಿದೆ."

ಕೊನೆಗೆ ಗಂಡ ಸೋತವನ ಹಾಗೆ ಹೇಳಿದ್ದ. "ಸರಿ. ಗಟ್ಟಿಮುಟ್ಟಾಗಿರೋ ತನಕ ಇರಲಿ. ಇಂಜಿನ್ ಎಣ್ಣೆ ಕುಡಿಯೋಕೆ ಶುರು ಮಾಡಿದ ದಿನ ಮಾರ್ತೀನಿ. ಆಮೇಲೆ ಅಡ್ಡ ಬರಬೇಡ."

"ಬರಲ್ಲ" ಎಂದಿದ್ದ ಡ್ರೈವರಪ್ಪ.

ಎಣ್ಣೆ ಕುಡಿಯಲು ಶುರುವಾಗಿತ್ತು. ಮಗನಿಗೆ ಅದು ಗೊತ್ತಾಗದ ಹಾಗೆ ಅಪ್ಪ ದಿನವೂ ಕುಡಿಸುತ್ತಿದ್ದ.

ಆ ಮಧ್ಯಾಹ್ನ ಮಗ ಎರಡು ಲೋಡಿನ ನಡುವೆ ಊಟಕ್ಕೆ ಮನೆಗೆ ಬಂದಿದ್ದ. ಅತ್ತೆ ಎಲ್ಲರಿಗೂ ಮಾಂಸ ಬಡಿಸಿ, ಡ್ರೈವರಪ್ಪನಿಗೆ ಮಾತ್ರ ಆಲೂಗಡ್ಡೆ ಬೇಯಿಸಿ ಹಿಸುಕಿ ಇಟ್ಟಳು. ಅವನ ಬಾಯಲ್ಲಿ ಉಳಿದದ್ದು ನಾಲ್ಕು ಹಲ್ಲು, ಅವೂ ಒಂದಕ್ಕೊಂದು ಎದುರಾಗಿರಲಿಲ್ಲ. ಹಲ್ಲಿನ ಸೆಟ್ ಕಟ್ಟಿಸಿಕೊಳ್ಳಲು ಮಗ ಎರಡು ತಿಂಗಳ ಹಿಂದೆಯೇ ದುಡ್ಡು ಕೊಟ್ಟಿದ್ದ.

"ಇನ್ನೂ ಎಷ್ಟು ದಿನ ಹೀಗೆ ಹಿಸುಕ್ತಾ ಇರ್ಲಿ?" ಎಂದಳು ಅತ್ತೆ. "ಮಕ್ಕಳಿಗೂ ಇಷ್ಟು ದಿನ ಹಿಸುಕಿಲ್ಲ ನಾನು."

"ಅಳತೆ ತಗೊಂಡಿದಾನೆ. ಹಲ್ಲು ಬೇರೆ ಊರಿಂದ ಬರಬೇಕಂತೆ."

"ನಡ್ಕೊಂಡು ಬರ್ತಿದೆಯಾ?"

ಮಗ ನಕ್ಕ. ಸೊಸೆ ತಟ್ಟೆಯಿಂದ ತಲೆಯೆತ್ತಲಿಲ್ಲ. ಆಯಿಲ್ ಡಬ್ಬಿಗೆ ದುಡ್ಡು ಎಲ್ಲಿಂದ ಬರುತ್ತಿದೆ ಎಂಬುದು ಅವಳಿಗೆ ಅಲ್ಲೇ ಗೊತ್ತಾಯಿತು.

ಗಂಡ ಮತ್ತೆ ಲಾರಿ ಹತ್ತಿ ಹೋಗಿ, ಅತ್ತೆ ಮಲಗಿದ ಮೇಲೆ ಅವಳು ಹಿತ್ತಲಿಗೆ ಹೋದಳು. ಡ್ರೈವರಪ್ಪ ಟೈರುಗಳ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ.

"ಮಾವ, ಸ್ವಲ್ಪ ಏಳಿ. ಕೆಳಗೆ ಏನಿದೆ ನೋಡ್ಬೇಕು."

ಅವನು ಏಳಲಿಲ್ಲ. "ಏನಿರುತ್ತೆ, ಹಳೇ ಟೈರು."

"ಹಲ್ಲು ಇದೆಯೇನೋ ಅಂತ."

ಅವನು ಇನ್ನೂ ಗಟ್ಟಿಯಾಗಿ ಊರಿ ಕೂತ. "ಅವನಿಗೆ ಹೇಳಿದೀಯಾ?" ಎಂದ.

"ಇನ್ನೂ ಇಲ್ಲ. ದಿನಕ್ಕೆ ಎಷ್ಟು ಹಾಕ್ತೀರ?"

"ಅರ್ಧ ಲೀಟರು. ದಿಬ್ಬ ಇರೋ ಕಡೆ ಹೋದ್ರೆ ಇನ್ನೂ ಸ್ವಲ್ಪ ಜಾಸ್ತಿ. ಪಿಸ್ಟನ್ ರಿಂಗು ಸವೆದಿದೆ, ಆಯಿಲು ಮೇಲೆ ಹತ್ತಿ ಡೀಸೆಲ್ ಜೊತೆ ಉರಿದು ಹೋಗುತ್ತೆ. ಅಷ್ಟೇ. ಹಾಕ್ತಾ ಇದ್ರೆ ಇನ್ನೂ ಎರಡು ವರ್ಷ ಓಡುತ್ತೆ ಕಣಮ್ಮ."

"ಹಾಕೋದು ಒಂದು ದಿನ ತಪ್ಪಿದ್ರೆ?"

"ತಪ್ಪಿಸಲ್ಲ."

"ಮಾವ, ಹದಿನೆಂಟು ವರ್ಷದಿಂದ ಭಾನುವಾರ ಬಂದ್ರೆ ನನ್ನ ಗಂಡನ ಎರಡು ಕಾಲು ಮಾತ್ರ ನೋಡಿದೀನಿ. ಮಿಕ್ಕಿದ್ದೆಲ್ಲ ಲಾರಿ ಕೆಳಗೆ. ಗಿರಣಿ ಕೆಲಸಕ್ಕೆ ಹೋದ್ರೆ ವಾರಕ್ಕೊಂದು ರಜ. ಈ ಭಾನುವಾರದೊಳಗೆ ನೀವೇ ಹೇಳಿ. ಇಲ್ದಿದ್ರೆ ನಾನು ಹೇಳ್ತೀನಿ."

"ಆಯ್ತು" ಎಂದ ಡ್ರೈವರಪ್ಪ. ಅದು ಒಪ್ಪಿಗೆಯೋ ಸಾಗಹಾಕುವ ಮಾತೋ ಅವಳಿಗೆ ತಿಳಿಯಲಿಲ್ಲ.

ಶನಿವಾರ ಗಂಡ ಬೇಗ ಬಂದ. ಕೈಕಾಲಿನ ಹಿಟ್ಟು ಕೂಡ ತೊಳೆಯದೆ ಜಗಲಿಯ ಮೇಲೆ ಕೂತು ಅಪ್ಪನನ್ನು ಕರೆದ. ಡ್ರೈವರಪ್ಪ ಬಂದ. ಸೊಸೆ ಹೊಲಿಗೆ ಮೆಷಿನ್ ನಿಲ್ಲಿಸಿದಳು.

"ಅಪ್ಪ, ಒಂದು ಮಾತು. ಕೋಪ ಮಾಡ್ಕೋಬಾರದು. ಗಾಡಿಗೆ ಗಿರಾಕಿ ಬಂದಿದೆ."

"ಎಣ್ಣೆ ಕುಡಿಯೋಕೆ ಶುರು ಮಾಡಿದ್ಮೇಲೆ ಅಂದಿದ್ದೆ."

"ಕುಡಿಯಲ್ಲ ಅಂತಾನೇ ಬಂದಿರೋದು. ಇಷ್ಟು ಓಡಿರೋ ಗಾಡಿ, ಎರಡು ತಿಂಗಳಿಂದ ಒಂದು ತೊಟ್ಟು ಹಾಕಿಲ್ಲ ಅಂತ ಗಿರಣಿ ಗೇಟಲ್ಲಿ ಹೇಳಿದೆ, ಯಾರೂ ನಂಬಲಿಲ್ಲ. ಗಡಿಯಾರ ನಂಬಿದ. ಮೇಷ್ಟ್ರು ನೋಡ್ಕೊಂಡಿರೋ ಗಾಡಿ ಅಂದ್ರೆ ಹಾಗೇ ಇರುತ್ತೆ ಅಂದ. ಇಂಜಿನ್ ಹೀಗಿರುವಾಗಲೇ ಮಾರಿದ್ರೆ ಒಳ್ಳೇ ಬೆಲೆ. ಕೆಟ್ಟಮೇಲೆ ಯಾರಿಗೆ ಬೇಕು?"

ಗಡಿಯಾರ ಎಂದರೆ ಡ್ರೈವರಪ್ಪನ ಕೈಕೆಳಗೆ ಲಾರಿ ಕಲಿತವನು. ಈಗ ಅವನಿಗೇ ನಲವತ್ತೈದು ದಾಟಿತ್ತು, ಊರಾಚೆ ಒಂದು ಶೆಡ್ಡು, ಎರಡು ಗಾಡಿ ಇದ್ದವು. ಹೇಳಿದ ಹೊತ್ತಿಗೆ ಒಂದು ನಿಮಿಷ ಆಚೀಚೆ ಆಗದ ಹಾಗೆ ಲೋಡ್ ಮುಟ್ಟಿಸುತ್ತಿದ್ದುದರಿಂದ ಆ ಹೆಸರು. ಡ್ರೈವರಪ್ಪನನ್ನು ಅವನು ಮೊದಲಿನಿಂದಲೂ ಮೇಷ್ಟ್ರೇ ಎನ್ನುತ್ತಿದ್ದ.

ಡ್ರೈವರಪ್ಪ ಲಾರಿ ಉಳಿಯಲೆಂದು ಸುರಿದ ಎಣ್ಣೆಯೇ ಲಾರಿಗೆ ಗಿರಾಕಿ ತಂದಿತ್ತು.

ಭಾನುವಾರ ಹತ್ತು ಗಂಟೆಗೆ ಅಂದವನು ಹತ್ತಕ್ಕೇ ಬಂದ. ಲಾರಿಯ ಸುತ್ತ ಎರಡು ಸುತ್ತು ಹಾಕಿದ. ಟೈರು ಒದ್ದು ನೋಡಿದ, ಚಾಸಿಯ ಕೆಳಗೆ ಬಗ್ಗಿದ, ಗೇರು ಹಾಕಿ ತೆಗೆದ. ಇಂಜಿನ್ ಸ್ಟಾರ್ಟ್ ಮಾಡಿಸಿ, ಆಯಿಲ್ ಸುರಿಯುವ ಮುಚ್ಚಳದ ಮೇಲೆ ಕೈಯಿಟ್ಟ. ಅದನ್ನು ತೆಗೆದು ಅಂಗೈ ಹಿಡಿದರೆ ಸಾಕು; ರಿಂಗು ಸವೆದ ಇಂಜಿನ್ ಅಲ್ಲಿಂದ ಬಿಸಿ ಹೊಗೆ ಪುಸಪುಸ ಉಗುಳುತ್ತದೆ. ಡ್ರೈವರಪ್ಪ ಅದನ್ನೇ ನೋಡುತ್ತ ನಿಂತಿದ್ದ. ಗಡಿಯಾರ ಮುಚ್ಚಳ ತಿರುಗಿಸಲು ಹೋದವನು ಬಿಟ್ಟುಬಿಟ್ಟ.

"ಮೇಷ್ಟ್ರು ಎದುರಿಗೆ ನಿಂತಿರುವಾಗ ಇದನ್ನೇನು ನೋಡೋದು. ನೀವೇ ಒಂದು ಮಾತು ಹೇಳಿಬಿಡಿ, ಸಾಕು."

ಮಗ ಅಪ್ಪನ ಮುಖ ನೋಡಿದ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು.

"ಒಳ್ಳೇ ಗಾಡಿ" ಎಂದ ಡ್ರೈವರಪ್ಪ.

ಇಂಜಿನ್ನಿನ ಬಗ್ಗೆ ಅವನು ಏನೂ ಹೇಳಲಿಲ್ಲ. ಅದನ್ನು ಗಮನಿಸಿದವಳು ಸೊಸೆ ಒಬ್ಬಳೇ. ಗಡಿಯಾರ ಅಡ್ವಾನ್ಸ್ ಕೊಟ್ಟು, ಲಾರಿಯನ್ನು ಒಂದು ವಾರ ತನ್ನ ಶೆಡ್ಡಿಗೆ ಒಯ್ಯುತ್ತೇನೆ, ಎರಡು ದಿನ ಇಲ್ಲೇ ಓಡಿಸಿ, ಬುಧವಾರ ಘಾಟಿಯಾಚೆ ಒಂದು ದೊಡ್ಡ ಲೋಡಿದೆ, ಅದೂ ಮುಗಿಯಲಿ, ಆಮೇಲೆ ಕಾಗದಪತ್ರ ಮಾಡಿಸೋಣ ಎಂದ. ಮಗ ಕೀ ಕೊಟ್ಟ.

ಅವತ್ತು ಸಂಜೆ ಅಡುಗೆಮನೆಯಲ್ಲಿ ಡ್ರೈವರಪ್ಪ ಸೊಸೆಯ ಹತ್ತಿರ ಬಂದು ನಿಂತ. ಅವಳು ಬೇಳೆ ಆರಿಸುತ್ತಿದ್ದಳು.

"ಭಾನುವಾರದೊಳಗೆ ಹೇಳಬೇಕು ಅಂದಿದ್ದೆಯಲ್ಲ. ಹೇಳಿಬಿಡ್ತೀನಿ."

ಅವಳು ತಲೆಯೆತ್ತಲಿಲ್ಲ. "ಈಗ ಯಾಕೆ ಹೇಳ್ತೀರ?"

"ನೀನೇ ಅಂದೆ."

"ಅಂದೆ. ಮಾರಲಿ ಅಂತ ಅಂದೆ. ಈಗ ಮಾರಾಟ ಆಗ್ತಾ ಇದೆ. ನೀವು ಬಾಯಿಬಿಟ್ರೆ ಇದು ನಿಲ್ಲುತ್ತೆ, ಅವರು ಮತ್ತೆ ಅದರ ಕೆಳಗೇ ಮಲಗ್ತಾರೆ. ಎರಡು ತಿಂಗಳು ಸುಮ್ಮನಿದ್ರಿ. ಇನ್ನೊಂದು ವಾರ ಸುಮ್ಮನಿರೋಕಾಗಲ್ವಾ?"

"ಅದು ಮನೆ ಒಳಗಿನ ಸುಳ್ಳು. ಇವನು ಹೊರಗಿನವನು, ನನ್ನ ಮಾತು ನಂಬಿ ತಗೋತಿದಾನೆ."

"ನಿಮ್ಮ ಮಗ ನಂಬಲಿಲ್ವಾ ನಿಮ್ಮನ್ನ?"

ಬೇಳೆಯಲ್ಲಿದ್ದ ಕಲ್ಲೊಂದನ್ನು ಅವಳು ಕಿಟಕಿಯಾಚೆ ಎಸೆದಳು. ಅವನು ಹೊರಟುಹೋದ.

ಎರಡು ದಿನ ಡ್ರೈವರಪ್ಪ ಬೆಳಕು ಹರಿಯುತ್ತಲೇ ಎದ್ದು, ಲಾರಿ ನಿಲ್ಲುತ್ತಿದ್ದ ಖಾಲಿ ಜಾಗದ ಪಕ್ಕ ಅಡ್ಡಾಡಿ ಒಳಗೆ ಬಂದ. ಶೆಡ್ಡಿಗೆ ಹೋಗಿ ಡಬ್ಬಿ ಸುರಿಯುವ ಹಾಗಿಲ್ಲ. ದಿನಕ್ಕೆ ಅರ್ಧ ಲೀಟರಿನಂತೆ ಒಂದು ಲೀಟರು ಆಗಲೇ ಇಳಿದಿರುತ್ತದೆ. ಘಾಟಿಯ ಏರು, ತುಂಬಿದ ಲೋಡು. ಡ್ಯಾಶ್‌ಬೋರ್ಡಿನಲ್ಲಿ ಆಯಿಲಿನ ಒತ್ತಡ ತೋರಿಸುವ ಮುಳ್ಳು ಕೆಟ್ಟು ಐದು ವರ್ಷವಾಗಿತ್ತು. ಕಡ್ಡಿ ಎಳೆದು ನೋಡಿದರಷ್ಟೇ ಗೊತ್ತಾಗಬೇಕು. ಒಂದು ತೊಟ್ಟು ಕುಡಿಯದ ಲಾರಿಯ ಕಡ್ಡಿಯನ್ನು ದಿನವೂ ಯಾರು ಎಳೆಯುತ್ತಾರೆ?

ಅವನು ಊಟದಲ್ಲಿ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಹಾಗೇ ಬಿಟ್ಟ. ಅದು ಕರಗಿ ತಳ ಸೇರಿತು.

"ಹುಷಾರಿಲ್ವಾ?" ಎಂದಳು ಅತ್ತೆ.

"ಇದೀನಿ."

ಬುಧವಾರ ಬೆಳಿಗ್ಗೆ ಗಡಿಯಾರ ದಾರಿಯಲ್ಲಿ ಲಾರಿಯ ಇನ್ಶೂರೆನ್ಸ್ ಕಾಗದ ತೆಗೆದುಕೊಳ್ಳಲು ಮನೆಯ ಮುಂದೆ ನಿಲ್ಲಿಸಿದ. ಮಗ ಕಾಗದ ಹುಡುಕಲು ಒಳಗೆ ಹೋದ. ಡ್ರೈವರಪ್ಪ ಸ್ನಾನ ಮಾಡಿ, ಬ್ಯಾಗು ಹಿಡಿದು ಜಗಲಿಯಲ್ಲಿ ತಯಾರಾಗಿದ್ದ.

"ನಾನೂ ಬರ್ತೀನಿ."

"ಎಲ್ಲಿಗೆ ಮೇಷ್ಟ್ರೇ? ಬರೋದು ನಾಳೆ ಮಧ್ಯಾಹ್ನ."

"ಘಾಟಿ ನೋಡಿ ನಾಲ್ಕು ವರ್ಷ ಆಯ್ತು. ಕೊನೇ ಸಲ ಹೋಗಿಬರ್ತೀನಿ."

ಗಡಿಯಾರನಿಗೆ ಖುಷಿಯಾಯಿತು. ಡ್ರೈವರಪ್ಪ ಹಿತ್ತಲಿಗೆ ಹೋಗಿ ಟೈರುಗಳ ನಡುವೆ ಬಗ್ಗಿದ. ತುಂಬಿದ ಡಬ್ಬಿ ಎರಡು ಕೈಯಲ್ಲೂ ಎತ್ತಲಾಗದೆ ಮಂಡಿ ಹಿಡಿದು ನಿಂತ. ಸೊಸೆ ಹಿಂದೆ ಬಂದಿದ್ದಳು. ಇಬ್ಬರೂ ಒಂದು ಗಳಿಗೆ ಮುಖ ನೋಡಿಕೊಂಡರು. ಅವಳು ಹಗ್ಗದ ಮೇಲಿದ್ದ ಹೊದಿಕೆ ಎಳೆದು, ಡಬ್ಬಿಯನ್ನು ಅದರಲ್ಲಿ ಸುತ್ತಿ ತಾನೇ ಎತ್ತಿಕೊಂಡಳು.

"ಅದೇನು?" ಎಂದ ಗಂಡ, ಬಾಗಿಲಲ್ಲಿ ಎದುರಾಗಿ.

"ಮಾವನಿಗೆ ಹಾಸಿಗೆ. ಘಾಟಿ ಮೇಲೆ ಚಳಿ ಇರುತ್ತೆ."

ಅವಳು ಅದನ್ನು ಕ್ಯಾಬಿನ್ನಿಗೆ ಎತ್ತಿ ಡ್ರೈವರಪ್ಪನ ಕಾಲ ಹತ್ತಿರ ಇಟ್ಟಳು. ಲಾರಿ ಹೊರಟಿತು. ಬೀದಿಯ ತಿರುವಿನಲ್ಲಿ ನೀಲಿ ಹೊಗೆ ಸ್ವಲ್ಪ ಹೊತ್ತು ನಿಂತಿತ್ತು. ಗಂಡ ಅದನ್ನು ನೋಡುವ ಮೊದಲೇ ಅವಳು, "ಒಳಗೆ ಬನ್ನಿ, ಹಾಲು ಉಕ್ಕುತ್ತೆ" ಎಂದಳು.

ಹನ್ನೊಂದು ಗಂಟೆಗೆ ಅತ್ತೆ ತರಕಾರಿ ಬುಟ್ಟಿಯೊಂದಿಗೆ ಬಂದವಳು ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. ಮಾರುಕಟ್ಟೆಯಲ್ಲಿ ಹಲ್ಲಿನ ಡಾಕ್ಟರು ಸಿಕ್ಕಿದ್ದರಂತೆ.

"ಅಳತೆ ತಗೊಂಡು ಎರಡು ತಿಂಗಳಾಯ್ತಲ್ಲ ಸ್ವಾಮಿ ಅಂದೆ. ಯಾವ ಅಳತೆ ತಾಯಿ, ನಿಮ್ಮ ಯಜಮಾನರು ರೇಟು ಕೇಳ್ಕೊಂಡು ಹೋದವರು ಮತ್ತೆ ಬರಲೇ ಇಲ್ಲ ಅಂದ್ರು. ನಾಲ್ಕು ಜನರ ಮುಂದೆ ನನ್ನ ಮುಖ ಹೋಯ್ತು." ಮಗನ ಕಡೆ ತಿರುಗಿದಳು. "ನೀನು ಕೊಟ್ಟ ದುಡ್ಡು ಎಲ್ಲಿಗೆ ಹೋಯ್ತು? ಈ ವಯಸ್ಸಲ್ಲಿ ಏನಾದ್ರೂ ಇಸ್ಪೀಟು ಗಿಸ್ಪೀಟು ಶುರು ಮಾಡಿದಾರಾ?"

"ಇಸ್ಪೀಟಲ್ಲ ಅತ್ತೆ" ಎಂದಳು ಸೊಸೆ.

ಅವಳು ಹೇಳಿದಳು. ಮೊದಲಿನಿಂದ, ಏನೂ ಬಿಡದೆ ಹೇಳಿದಳು. ಗಂಡ ಎದ್ದು ಹಿತ್ತಲಿಗೆ ಹೋದ. ಟೈರುಗಳು ಉರುಳಿದ ಸದ್ದು ಕೇಳಿತು. ಖಾಲಿ ಡಬ್ಬಿಗಳು ಕಲ್ಲಿನ ಮೇಲೆ ಬಿದ್ದವು, ಒಂದರ ಹಿಂದೆ ಒಂದು, ಆರು. ತಿರುಗಿ ಬಂದು ಹೊಸ್ತಿಲಲ್ಲಿ ನಿಂತ.

"ನಿಂಗೆ ಯಾವಾಗಿಂದ ಗೊತ್ತು?"

"ಹತ್ತು ದಿನ ಆಯ್ತು."

"ಗಡಿಯಾರ ಅಡ್ವಾನ್ಸ್ ಕೊಟ್ಟಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಅಂದ್ರೆ ಈ ಮನೇಲಿ ಪೆದ್ದ ನಾನೊಬ್ಬನೇ."

"ನಾನೂ ಪೆದ್ದಿನೇ" ಎಂದಳು ಅತ್ತೆ. "ನಾನು ಆಲೂಗಡ್ಡೆ ಹಿಸುಕ್ತಿದ್ದೆ."

ಅವನು ಫೋನ್ ತೆಗೆದು ಗಡಿಯಾರನ ನಂಬರು ಒತ್ತಿದ. ಸಿಗಲಿಲ್ಲ. ಮತ್ತೆ ಒತ್ತಿದ. "ಘಾಟಿ ಹತ್ತಿರ್ತಾರೆ. ಆಯಿಲ್ ಇಲ್ದೆ ಏರಿನಲ್ಲಿ ಇಂಜಿನ್ ಹಿಡ್ಕೊಂಡು ನಿಂತುಬಿಟ್ರೆ, ಹಿಂದೆ ಹತ್ತು ಟನ್ ಲೋಡು. ಕ್ಯಾಬಿನ್ನಲ್ಲಿ ಅಪ್ಪ ಇದಾನೆ." ಮೂರನೆಯ ಸಲ ಒತ್ತಿದ.

"ಮಾವ ಒಂದು ಡಬ್ಬಿ ತಗೊಂಡು ಹೋಗಿದಾರೆ. ಹಾಸಿಗೆ ಅಂದೆನಲ್ಲ, ಅದು."

ಅವನು ಹೆಂಡತಿಯ ಮುಖವನ್ನೇ ನೋಡಿದ. ಚಪ್ಪಲಿ ಮೆಟ್ಟಿಕೊಂಡು ಗಿರಣಿ ಗೇಟಿನ ಕಡೆ ಹೊರಟ. ಘಾಟಿಯಿಂದ ಬರುವ ಗಾಡಿಯವರು ಯಾರಾದರೂ ನೋಡಿದ್ದಾರೋ ಕೇಳಲು.

ಆ ಹೊತ್ತಿಗೆ ಲಾರಿ ನಾಲ್ಕನೆಯ ತಿರುವು ದಾಟಿತ್ತು. ಕನ್ನಡಿಯಲ್ಲಿ ಹಿಂದಿನ ರಸ್ತೆ ನೀಲಿಯಾಗಿ ಕಾಣುತ್ತಿತ್ತು. ಗಡಿಯಾರ ಎರಡು ಸಲ ಅದನ್ನು ನೋಡಿದ. ಇಂಜಿನ್ನಿನ ಸದ್ದು ಒಣಗಿದ ಗಂಟಲಿನ ಹಾಗೆ ಕೇಳುತ್ತಿತ್ತು. ಡ್ರೈವರಪ್ಪನಿಗೆ ರಸ್ತೆ ಸರಿಯಾಗಿ ಕಾಣದಿದ್ದರೂ ಸದ್ದು ಕೇಳಿಸುತ್ತಿತ್ತು.

"ಐದನೇ ತಿರುವಿನ ಮೇಲೆ ಸಮತಟ್ಟು ಜಾಗ ಇದೆ. ಅಲ್ಲಿ ನಿಲ್ಸು."

"ಈಗ ನಿಲ್ಸಿದ್ರೆ ಹೊತ್ತಾಗುತ್ತೆ ಮೇಷ್ಟ್ರೇ."

"ಹೊತ್ತಾಗ್ಲಿ. ನಿಲ್ಸು."

ನಿಲ್ಲಿಸಿದ. ಇಂಜಿನ್ ಆರಿಸಲು ಹೇಳಿ, ಹತ್ತು ನಿಮಿಷ ಬಿಟ್ಟು, ಡ್ರೈವರಪ್ಪ ಇಳಿದು ಬಾನೆಟ್ ಎತ್ತಲು ಹೇಳಿದ. ಆಮೇಲೆ ಕಡ್ಡಿ ಎಳೆಯಲು ಹೇಳಿದ. ಗಡಿಯಾರ ಎಳೆದು, ಒರೆಸಿ, ಅದ್ದಿ, ಎತ್ತಿ ಹಿಡಿದ. ಕೆಳಗಿನ ಗೆರೆಯ ಕೆಳಗೆ, ತುದಿಯಲ್ಲಿ ಮಾತ್ರ, ಕಪ್ಪು ಒದ್ದೆ.

ಒಂದು ಬಸ್ಸು ಹಾರ್ನ್ ಹೊಡೆಯುತ್ತ ಇಳಿದುಹೋಯಿತು.

"ಯಾವಾಗಿಂದ?"

"ಎರಡು ತಿಂಗಳಾಯ್ತು. ಅವನಿಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ನಾನು ಹಾಕ್ತಿದ್ದೆ."

"ಕಡ್ಡಿ ನೋಡ್ದೆ ಗಾಡಿ ಮುಟ್ಟಿದ್ರೆ ನೀವು ಬೆನ್ನಿಗೆ ಗುದ್ದುತಿದ್ರಿ ನಂಗೆ. ಇವತ್ತು ಬೆಳಿಗ್ಗೆ ನೋಡ್ಲಿಲ್ಲ. ಯಾಕೆ ಗೊತ್ತಾ? ನಿಮ್ಮ ಗಾಡಿ ಅಂತ."

"ಗೊತ್ತು."

"ಭಾನುವಾರ ಕೇಳಿದಾಗ ಹೇಳ್ಬಹುದಿತ್ತು."

"ಹೇಳ್ಬೇಕಿತ್ತು. ನಿನ್ನ ಮುಂದೆ ಆಗಲಿಲ್ಲ."

ಗಡಿಯಾರ ಕಡ್ಡಿಯನ್ನು ಹಿಡಿದುಕೊಂಡೇ ರಸ್ತೆಯ ಅಂಚಿಗೆ ಹೋಗಿ ನಿಂತ. ಕೆಳಗೆ ದಾಟಿ ಬಂದ ತಿರುವುಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ಅವನು ತಿರುಗಿ ಬಂದಾಗ ಡ್ರೈವರಪ್ಪ ಹೊದಿಕೆ ಬಿಚ್ಚಿ ಡಬ್ಬಿ ಹೊರಗೆ ಎಳೆಯುತ್ತಿದ್ದ. ಗಡಿಯಾರ ಅದನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು, ತಾನೇ ಸುರಿದ. ಮೇಲಿನ ಗೆರೆ ಮುಟ್ಟಲು ಡಬ್ಬಿ ಮುಕ್ಕಾಲು ಖಾಲಿಯಾಯಿತು.

ಮುಂದಿನ ಊರಿನಲ್ಲಿ ಅವನು ತನ್ನ ದುಡ್ಡಿನಲ್ಲೇ ಇನ್ನೊಂದು ಡಬ್ಬಿ ಕೊಂಡ. ಲೋಡು ಇಳಿಸಿ ಬರುವವರೆಗೆ ಮೇಷ್ಟ್ರೇ ಎಂದು ಒಂದು ಸಲವೂ ಕರೆಯಲಿಲ್ಲ. ಎಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಕಡ್ಡಿ ನೋಡಿದ. ಮಗ ಹುಡುಕುತ್ತಿರುವ ಸುದ್ದಿ ಗಿರಣಿಯವರ ಮೂಲಕ ಸಿಕ್ಕಿ ಸಂಜೆ ಮನೆಗೆ ಫೋನ್ ಮಾಡಿದಾಗ, "ಗಾಡಿ ಸರಿಯಿದೆ, ನಿಮ್ಮಪ್ಪನೂ ಸರಿಯಿದಾರೆ" ಎಂದಷ್ಟೇ ಹೇಳಿ ಇಟ್ಟ.

ಮಾರನೆಯ ದಿನ ಮೂರು ಗಂಟೆಗೆ ಲಾರಿ ಮನೆಯ ಮುಂದೆ ನಿಂತಿತು. ಮಗ ಅಡ್ವಾನ್ಸಿನ ಕವರನ್ನು ಹಾಗೇ ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ತಗೋ. ನನ್ನಾಣೆಗೂ ನಂಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಅಂತ ಹೇಳಿದ್ರು" ಎಂದ ಗಡಿಯಾರ. ಕವರು ಮುಟ್ಟಲಿಲ್ಲ. "ಚಾಸಿ ಗಟ್ಟಿ ಇದೆ, ಗೇರ್‌ಬಾಕ್ಸ್ ಚೆನ್ನಾಗಿದೆ. ಇಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಿಸ್ಬೇಕು. ಆ ಖರ್ಚು ಕಳೆದು ಒಂದು ಬೆಲೆ ಹೇಳು. ಇಲ್ಲ ಅಂದ್ರೆ ಗಾಡಿ ಇಲ್ಲೇ ಇರಲಿ."

ಖರ್ಚು ಕಳೆದ ಬೆಲೆ ಮೊದಲಿನ ಬೆಲೆಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಮಗ ಹೆಂಡತಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅವನು ಬೆಲೆ ಹೇಳಿದ. ಗಡಿಯಾರ ಲಾರಿ ಹತ್ತಿ ಹೋದ.

ಡ್ರೈವರಪ್ಪ ಜಗಲಿಯ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದ. ಅತ್ತೆ ಹಲ್ಲಿನ ವಿಷಯ ಎತ್ತಲು ಬಾಯಿ ತೆರೆದವಳು ಮಗನ ಮುಖ ನೋಡಿ ನೀರು ತರಲು ಒಳಗೆ ಹೋದಳು.

"ಮಾರಬಾರದು ಅಂತ ನೀನು ಸುಳ್ಳು ಹೇಳ್ದೆ" ಎಂದ ಮಗ. ಅವನ ದನಿ ಏರಲಿಲ್ಲ. "ಮಾರೋ ಹೊತ್ತಿಗೆ ಸರಿಯಾಗಿ ನಿಜ ಹೇಳ್ದೆ. ಎರಡು ಸಲವೂ ನನ್ನ ಹತ್ತಿರ ಒಂದು ಮಾತು ಆಡಲಿಲ್ಲ. ಓಡಿಸ್ತಾ ಇದ್ದೋನು ನಾನು."

"ಆಡಲಿಲ್ಲ" ಎಂದ ಡ್ರೈವರಪ್ಪ.

"ದಾರೀಲಿ ಇಂಜಿನ್ ಹಿಡ್ಕೊಂಡಿದ್ರೆ ಒಳಗಿರ್ತಿದ್ದೋನೂ ನಾನೇ."

ಡ್ರೈವರಪ್ಪ ಬ್ಯಾಗು ಎತ್ತಿಕೊಂಡು ಒಳಗೆ ಹೋದ.

ಅಂದಿನಿಂದ ಮಗ ಅಪ್ಪನ ಜೊತೆ ಮಾತು ಬಿಟ್ಟ. ಕೂಗಾಟವಿಲ್ಲ, ಮಾತೇ ಇಲ್ಲ. ಹೇಳಬೇಕಾದದ್ದನ್ನು ಅಮ್ಮನ ಮೂಲಕ ಹೇಳಿಸುತ್ತಿದ್ದ. ಮೂರಡಿ ದೂರದಲ್ಲಿ ಕೂತವನಿಗೆ, "ನೀರು ಬಿಸಿಯಾಗಿದೆ ಅಂತ ಹೇಳಮ್ಮ" ಎನ್ನುತ್ತಿದ್ದ. ಅತ್ತೆ ಎರಡು ದಿನ ಹೇಳಿದಳು. ಮೂರನೆಯ ದಿನ, "ನಾನೇನು ಪೋಸ್ಟಾಫೀಸಾ?" ಎಂದು ಎದ್ದುಹೋದಳು. ಹೆಂಡತಿಯ ಜೊತೆ ಅವನು ಮಾತಾಡುತ್ತಿದ್ದ, ಆದರೆ ಲೆಕ್ಕ ಹಾಕಿ. ಅವಳು ಅದನ್ನು ಕೆಣಕಲು ಹೋಗಲಿಲ್ಲ. ಒಂದು ಸಂಜೆ ಮಾತ್ರ ತಟ್ಟೆ ಇಡುತ್ತ, "ನಾನು ಮಾಡಿದ್ದು ತಪ್ಪೇ. ಆದ್ರೆ ನಿಮ್ಮ ಭಾನುವಾರಕ್ಕೋಸ್ಕರ ಮಾಡಿದ್ದು" ಎಂದಳು. ಅವನು ಉಪ್ಪು ಕೇಳಿದ.

ಸೋಮವಾರದಿಂದ ಅವನು ಗಿರಣಿಯ ಹೊಸ ಲಾರಿ ಓಡಿಸತೊಡಗಿದ. ಬೆಳಿಗ್ಗೆ ಹಿತ್ತಲಿನಲ್ಲಿ ಸದ್ದಿರಲಿಲ್ಲ. ಡ್ರೈವರಪ್ಪ ಆ ಹೊತ್ತಿಗೇ ಏಳುತ್ತಿದ್ದ. ಮಾಡಲು ಏನೂ ಇಲ್ಲದೆ ಸೊಸೆಗೆ ಒಲೆ ಹಚ್ಚಿಕೊಡುತ್ತಿದ್ದ, ನೀರು ತುಂಬಿಸುತ್ತಿದ್ದ. ಒಂದು ದಿನ ಅವಳ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡಲು ಕೂತ.

"ಕಮ್ಮಿ ಬಿಡಿ ಮಾವ, ಬಟ್ಟೆಗೆ ಹತ್ತುತ್ತೆ" ಎಂದಳು ಅವಳು.

"ಎರಡೇ ತೊಟ್ಟು."

ಮಗನಿಗೆ ಮೊದಲ ರಜ ಬಂದ ಭಾನುವಾರ ಬೆಳಿಗ್ಗೆ ಗಡಿಯಾರನ ಫೋನ್ ಬಂತು. ಇಂಜಿನ್ ಇಳಿಸುತ್ತಿದ್ದೇವೆ, ಹಿಂದಿನ ಎರಡು ಬೋಲ್ಟು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಗೊತ್ತಾಗುತ್ತಿಲ್ಲ, ಆ ಗಾಡಿ ಗೊತ್ತಿರುವವರು ಯಾರಾದರೂ ಬರಬೇಕು. ಯಾರು ಬರಬೇಕೆಂದು ಅವನು ಹೇಳಲಿಲ್ಲ. ಮಗ ಫೋನ್ ಇಟ್ಟು ಹೆಂಡತಿಯನ್ನು ನೋಡಿದ.

"ಹೋಗಿಬನ್ನಿ" ಎಂದಳು ಅವಳು. "ಮಧ್ಯಾಹ್ನ ಊಟಕ್ಕೆ ಪೂರ್ತಿ ಆಳು ಮನೇಲಿರಬೇಕು."

ಅವನು ಶೆಡ್ಡು ಮುಟ್ಟಿದಾಗ ಅಪ್ಪ ಆಗಲೇ ಅಲ್ಲಿದ್ದ. ಬೆಳಿಗ್ಗೆಯೇ ನಡೆದು ಬಂದಿದ್ದನಂತೆ; ಗಾಡಿಯ ಕೆಳಗಿನ ಬೋಲ್ಟು ಮಾತ್ರ ಅವನ ಕಣ್ಣಿಗೆ ಸಿಕ್ಕಿರಲಿಲ್ಲ. ಇಂಜಿನ್ನಿನ ಮೇಲ್ಭಾಗ ಬಿಚ್ಚಿಟ್ಟಿದ್ದರು. ಡ್ರೈವರಪ್ಪ ಆರು ಸಿಲಿಂಡರುಗಳ ಒಳಗೂ ಬೆರಳಿಟ್ಟು ಸವರುತ್ತಿದ್ದ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತಿತ್ತು: ಮೇಲಂಚಿನಲ್ಲಿ ಉಗುರು ತಡೆಯುವಷ್ಟು ಏಣು, ಅದರ ಕೆಳಗೆ ಸವೆದ ತಗ್ಗು.

"ಒಂದು ವರ್ಷ ಮುಂಚೆ ಬಿಚ್ಚಬೇಕಿತ್ತು" ಎಂದ.

"ಬಿಚ್ಚಿದ್ರೆ ನಂಗೆ ಇಷ್ಟು ಅಗ್ಗಕ್ಕೆ ಸಿಕ್ತಿರಲಿಲ್ಲ ಮೇಷ್ಟ್ರೇ" ಎಂದ ಗಡಿಯಾರ.

ಮಗ ಯಾರಿಗೂ ಏನೂ ಹೇಳದೆ ಗಾಡಿಯ ಕೆಳಗೆ ನುಗ್ಗಿ, ಆ ಎರಡು ಬೋಲ್ಟು ಬಿಚ್ಚಿ, ಹೊರಗೆ ಬಂದು ಸರಪಳಿಯ ರಾಟೆ ಹಿಡಿದ. ಗಡಿಯಾರ ಇನ್ನೊಂದು ಬದಿಯಲ್ಲಿ ನಿಂತ. ಇಂಜಿನ್ ಕಿರುಗುಡುತ್ತ ತನ್ನ ಜಾಗ ಬಿಟ್ಟು ಮೇಲೆದ್ದಿತು. ಅದನ್ನು ಪಕ್ಕಕ್ಕೆ ತೂಗಿಸಿ ನೆಲದ ಮೇಲಿಟ್ಟ ಮರದ ದಿಮ್ಮಿಗಳ ಮೇಲೆ ಇಳಿಸಬೇಕಿತ್ತು. ದಿಮ್ಮಿ ಓರೆಯಾಗಿತ್ತು. ಡ್ರೈವರಪ್ಪ ಬಗ್ಗಿ ಅದನ್ನು ಸರಿಪಡಿಸುತ್ತಿದ್ದ. ಒಂದು ಕೈ ದಿಮ್ಮಿಯ ಮೇಲೆ, ಇನ್ನೊಂದು ಕೈ, ಅವನಿಗೇ ಕಾಣದ ಹಾಗೆ, ಇಳಿಯುತ್ತಿದ್ದ ಕಬ್ಬಿಣದ ಕೆಳಗೆ.

ಸರಪಳಿ ಒಂದು ಹಲ್ಲು ಜಾರಿತು. ಮಗ ಮೈಯ ಭಾರ ಪೂರ್ತಿ ಹಾಕಿ ಹಿಡಿದು ನಿಲ್ಲಿಸಿದ.

"ಅಪ್ಪ, ಕೈ ತೆಗಿ."

ಹತ್ತು ದಿನಗಳಲ್ಲಿ ಅವನು ಅಪ್ಪನ ಜೊತೆ ಆಡಿದ ಮೊದಲ ಮಾತು. ಡ್ರೈವರಪ್ಪ ಎರಡೂ ಕೈ ಹಿಂದಕ್ಕೆಳೆದು, ಒಂದು ಹೆಜ್ಜೆ ದೂರ ಸರಿದು ನಿಂತ.

"ತೆಗ್ದಿದೀನಿ" ಎಂದ. "ಇಳಿಸು."